ಮಾಸ್ಟರ್ ದೊಡ್ಡದು ಹಾಕಿಸಿದ್ರ ಬ್ರೇಕ್ ಜೋರ ಹಿಡೀತಾವೇನ್ರಿ?

"ಸರ, ನನ್ನ ಗಾಡಿ ಬ್ರೇಕ್ ಪೆಡಲ್ ಭಾಳ ಕೆಳಗ ಹೋಗತೈತಿ. ಮಾಸ್ಟರ್ 3/4 ಇಂಚಿಂದು ಐತಿ. ಅದನ್ನ ತಗದು 7/8 ಇಂಚಿಂದು ಹಾಕಿಸಿದ್ರ ಬ್ರೇಕ್ ಜೋರ ಹಿಡೀತಾವ ಅಂತ ಎಲ್ಲಾರೂ ಹೇಳಾಕತ್ತಾರ. ಹಾಕಸ್ಲೇನ್ರಿ?"

ಈ ತಿಂಗಳಲ್ಲಿ ಈ ಪ್ರಶ್ನೆ ನಾಲ್ಕನೇ ಸಲ ಬಂತು. ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಗ್ಯಾರೇಜಿನಲ್ಲಿ ನಿಂತು ಬಾಯಿಂದ ಹೇಳಿದ ಲೆಕ್ಕ ಬೇರೆ. ಹೇಳಿದಾಗ ಗೋಣು ಹಾಕುತ್ತಾರೆ, ಹೊರಗೆ ಹೋಗಿ ಚಹಾ ಕುಡಿಯುವಷ್ಟರಲ್ಲಿ ಇನ್ನೊಬ್ಬರ ಮಾತು ಕೇಳಿ ತಿರುಗಿ ಬರುತ್ತಾರೆ. ಅದಕ್ಕೆ ಈ ಸಲ ಕೂತು ಬರೆದೇ ಬಿಡುತ್ತಿದ್ದೇನೆ.

ಮಾಸ್ಟರ್ ಎಂದರೆ ಮಾಸ್ಟರ್ ಸಿಲಿಂಡರ್, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳ ಕಡೆ ದಬ್ಬುವ ಪಿಸ್ಟನ್ ಇರುವ ಕೊಳವೆ. ದೊಡ್ಡ ಮಾಸ್ಟರ್ ಹಾಕಿದರೆ ಪೆಡಲ್ ಮೇಲೇ ನಿಲ್ಲುತ್ತದೆ, ಕಾಲಿಗೆ ಗಟ್ಟಿ ಹತ್ತುತ್ತದೆ. ಬ್ರೇಕ್ ಜೋರಾಗುವುದಿಲ್ಲ. ಅದೇ ಕಾಲಿನಿಂದ ಅಷ್ಟೇ ಒತ್ತಿದರೆ ಗಾಡಿ ಮೊದಲಿಗಿಂತ ಕಡಿಮೆ ಹಿಡಿಯುತ್ತದೆ.

ಕಡಿಮೆ ಎಂದ ಕೂಡಲೇ ಎದುರಿಗಿದ್ದವರ ಮುಖ ಬದಲಾಗುವುದು ನನಗೆ ಗೊತ್ತು. ಹಾಗಾದರೆ ಲೆಕ್ಕ ಹಾಕಿಯೇ ನೋಡೋಣ. ಬೂಸ್ಟರ್, ಅಂದರೆ ಕಾಲಿನ ಒತ್ತಿಗೆ ಬಲ ಕೂಡಿಸುವ ಡಬ್ಬಿ, ಇಲ್ಲದ ಗಾಡಿ ಎಂದುಕೊಳ್ಳಿ. ಪೆಡಲ್ ಮೇಲೆ ನೀವು 20 ಕಿಲೋ ಒತ್ತಿದಿರಿ. ಪೆಡಲ್ ಕೂಡ ಒಂದು ಹಾರೆ ಇದ್ದ ಹಾಗೆ. ಅದರ ಮೀಟು ನಾಲ್ಕು ಪಟ್ಟು ಎಂದು ಹಿಡಿದರೆ ಮಾಸ್ಟರಿನ ಪಿಸ್ಟನ್ ಮೇಲೆ 80 ಕಿಲೋ ಬೀಳುತ್ತದೆ. 3/4 ಇಂಚು ಎಂದರೆ 19 ಮಿಲಿಮೀಟರ್ ವ್ಯಾಸ, ಪಿಸ್ಟನ್ನಿನ ಮುಖ 2.85 ಚದರ ಸೆಂಟಿಮೀಟರ್. 80ನ್ನು ಅದರಿಂದ ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 28 ಕಿಲೋ ಒತ್ತಡ. ಈಗ 7/8 ಇಂಚು ಹಾಕಿ. ವ್ಯಾಸ 22.2 ಮಿಲಿಮೀಟರ್, ಮುಖ 3.88 ಚದರ ಸೆಂಟಿಮೀಟರ್. ಅದೇ 80 ಕಿಲೋಗೆ ಈಗ ಸಿಗುವ ಒತ್ತಡ 20.6 ಕಿಲೋ ಮಾತ್ರ. ಕಾಲುಭಾಗಕ್ಕಿಂತ ಹೆಚ್ಚೇ ಹೋಯಿತು. ವ್ಯಾಸ ಹೆಚ್ಚಿದ್ದು ಮೂರು ಮಿಲಿಮೀಟರ್ ಚಿಲ್ಲರೆ, ಆದರೆ ಮುಖದ ವಿಸ್ತೀರ್ಣ ಹೆಚ್ಚಿದ್ದು ಶೇಕಡಾ 36. ವಿಸ್ತೀರ್ಣ ವ್ಯಾಸದ ವರ್ಗದ ಪ್ರಕಾರ ಬೆಳೆಯುತ್ತದೆ ಎಂದು ಹೈಸ್ಕೂಲಿನಲ್ಲಿ ಬರೆದಿದ್ದೆವಲ್ಲ, ಆ ಪಾಠ ಇಲ್ಲಿ ಕಾಲ ಕೆಳಗೇ ಕೂತಿದೆ.

ಪೆಡಲ್ ಮೇಲೆ ನಿಲ್ಲುವುದು ಯಾಕೆ ಎನ್ನುವುದೂ ಇದೇ ಲೆಕ್ಕದಲ್ಲಿದೆ. ನಾಲ್ಕೂ ಗಾಲಿಯಲ್ಲಿ ಉಜ್ಜಿ ಹಿಡಿಯುವ ಪ್ಯಾಡು, ಲೈನರ್ ಹೋಗಿ ಡಿಸ್ಕಿಗೆ, ಡ್ರಮ್ಮಿಗೆ ತಾಗಲು ಒಟ್ಟು 6 ಸಿಸಿ ಬ್ರೇಕ್ ಆಯಿಲ್ ಬೇಕು ಎಂದುಕೊಳ್ಳಿ. ಸಣ್ಣ ಮಾಸ್ಟರ್ ಅಷ್ಟು ಆಯಿಲ್ ದಬ್ಬಲು 21 ಮಿಲಿಮೀಟರ್ ಓಡಬೇಕು, ಪೆಡಲ್ 84 ಮಿಲಿಮೀಟರ್ ಕೆಳಗಿಳಿಯುತ್ತದೆ. ದೊಡ್ಡ ಮಾಸ್ಟರಿಗೆ 15.5 ಸಾಕು, ಪೆಡಲ್ 62ಕ್ಕೇ ನಿಲ್ಲುತ್ತದೆ. ಓಟ ಉಳಿಯಿತು, ಬಲ ಹೋಯಿತು. ಬಂಡೆ ಎಬ್ಬಿಸುವಾಗ ಉದ್ದ ಹಾರೆ ಹಿಡಿದವನ ಕೈ ಮೊಳದುದ್ದ ಓಡಾಡುತ್ತದೆ, ಬಂಡೆ ಸಲೀಸಾಗಿ ಏಳುತ್ತದೆ. ಗಿಡ್ಡ ಹಾರೆ ಹಿಡಿದವನ ಕೈ ಗೇಣು ಓಡಿದರೆ ಸಾಕು, ಆದರೆ ಬೆವರು ಹರಿಯುತ್ತದೆ. ಗಿಡ್ಡ ಹಾರೆ ಕೈಗೆ ಗಟ್ಟಿ ಹತ್ತುತ್ತದೆ ಎಂದು ಅದಕ್ಕೆ ಬಲ ಜಾಸ್ತಿ ಎಂದು ನಮ್ಮ ಕಡೆ ಯಾವ ರೈತನೂ ಹೇಳುವುದಿಲ್ಲ. ಪೆಡಲ್ ವಿಷಯಕ್ಕೆ ಬಂದಾಗ ಮಾತ್ರ ಅದೇ ಜನ ಅದೇ ಮಾತು ಆಡುತ್ತಾರೆ.

ಅಂಕಿ ನಂಬದವರಿಗಾಗಿ ನಾನು ಬೆಂಚಿನ ಖಾನೆಯಲ್ಲಿ ಎರಡು ಸಿರಿಂಜು ಇಟ್ಟಿದ್ದೇನೆ, ಒಂದು 5 ಎಂಎಲ್, ಇನ್ನೊಂದು 20 ಎಂಎಲ್. ಎರಡರ ತುದಿಗೂ ಸಲಾಯಿನ್ ನಳಿಗೆಯ ಒಂದು ತುಂಡು ಸಿಕ್ಕಿಸಿ, ಒಳಗೆ ಗುಳ್ಳೆ ಉಳಿಯದಂತೆ ನೀರು ತುಂಬುತ್ತೇನೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ಮೊದಲ ಪಾಠವೇ ಇದು. ಹೋದ ವರ್ಷ ಗರಡಿಮನೆಗೆ ಹೋಗುವ ಒಬ್ಬ ಹುಡುಗ ಬಂದಿದ್ದ, ತೋಳು ಒನಕೆಯಂತೆ. ದೊಡ್ಡ ಸಿರಿಂಜು ಅವನ ಕೈಗೆ ಕೊಟ್ಟೆ. ಸಣ್ಣದನ್ನು ಹದಿನೆಂಟು ವರ್ಷ ತುಂಬಿದ, ಕಡ್ಡಿಯಂಥ ಇನ್ನೊಬ್ಬನ ಕೈಗೆ. ಇಬ್ಬರೂ ಹೆಬ್ಬೆರಳಿನಿಂದ ಎದುರುಬದುರು ಒತ್ತಿ ಎಂದೆ. ಪೈಲ್ವಾನನ ಹೆಬ್ಬೆರಳು ಬೆಳ್ಳಗಾಯಿತು, ಉಗುರಿನ ಸುತ್ತ ರಕ್ತ ಸರಿದುಹೋಯಿತು. ಆದರೂ ಅವನ ದಾಂಡು ಹಿಂದಕ್ಕೇ ಬರುತ್ತಿತ್ತು. ಸಣ್ಣ ಸಿರಿಂಜಿನ ದಾಂಡು ಉದ್ದಕ್ಕೂ ಒಳಗೆ ಹೋದರೂ ದೊಡ್ಡದು ಸರಿದದ್ದು ಒಂದು ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಓಟ ಕೊಟ್ಟು ಬಲ ತೆಗೆದುಕೊಳ್ಳುವುದು ಎಂದರೆ ಇದು. ಆ ಪೈಲ್ವಾನ ಹುಡುಗ ಇವತ್ತು ನನ್ನ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸಕ್ಕೆ ಎಲ್ಲರಿಗಿಂತ ಮುಂದು. ಗಿರಾಕಿಗಳಿಗೆ ಸಿರಿಂಜು ತೋರಿಸುವುದೂ ಈಗ ಅವನೇ.

ಇಷ್ಟು ಸ್ಪಷ್ಟವಾದ ವಿಷಯಕ್ಕೆ ಉಲ್ಟಾ ನಂಬಿಕೆ ಹುಟ್ಟಿದ್ದು ಹೇಗೆ? ಸುಮ್ಮನೆ ಹುಟ್ಟಿಲ್ಲ. ಜೋರಾಗಿ ಬ್ರೇಕ್ ಹಿಡಿಯುವ ಹೊಸ ಗಾಡಿಗಳ ಬಾನೆಟ್ ಎತ್ತಿದರೆ ಹಳೆಯದಕ್ಕಿಂತ ದಪ್ಪ ಮಾಸ್ಟರ್ ಕಾಣುತ್ತದೆ, ಅದು ಖರೇ. ಆದರೆ ಅದರ ಬೆನ್ನಿಗೆ ತಾಟಿನಷ್ಟು ಅಗಲದ ಬೂಸ್ಟರ್ ಕೂತಿದೆಯಲ್ಲ, ಬಲ ಕೊಡುವುದು ಅದು. ಎಂಜಿನ್ನಿನ ವ್ಯಾಕ್ಯೂಮ್ ನಿಮ್ಮ ಕಾಲಿಗೆ ಜೋಡಿಯಾಗಿ ದಬ್ಬುತ್ತದೆ. ಬಲಕ್ಕೆ ಬರ ಇಲ್ಲದ್ದಕ್ಕೇ ಅಲ್ಲಿ ಮಾಸ್ಟರ್ ದಪ್ಪ ಮಾಡಿ ಪೆಡಲಿನ ಓಟ ಗಿಡ್ಡ ಮಾಡಿಕೊಂಡಿದ್ದಾರೆ. ಹಾಗೆಯೇ ದೊಡ್ಡ ಕ್ಯಾಲಿಪರ್ (ಗಾಲಿಯ ಹತ್ತಿರ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಸಿದವರು ಜೊತೆಗೆ ದೊಡ್ಡ ಮಾಸ್ಟರನ್ನೂ ಹಾಕಿಸುತ್ತಾರೆ. ಅದು ಸರಿಯಾದ ಕೆಲಸ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಆಯಿಲ್ ಹೆಚ್ಚು ಬೇಕು, ಹಳೆ ಮಾಸ್ಟರಿನಲ್ಲಿ ಪೆಡಲ್ ನೆಲಕ್ಕೆ ಬರುತ್ತದೆ. ಬ್ರೇಕ್ ಜೋರಾಗಿದ್ದು ಕ್ಯಾಲಿಪರಿನಿಂದ, ಹೆಸರು ಬಂದಿದ್ದು ಮಾಸ್ಟರಿಗೆ. ಇನ್ನೊಂದು ಕಾರಣ ನಮ್ಮ ಪರೀಕ್ಷೆಯ ರೀತಿ. ಗಾಡಿ ನಿಂತಲ್ಲೇ ಪೆಡಲ್ ತುಳಿದು "ಹಾಂ, ಈಗ ಗಟ್ಟಿ ಆತು ನೋಡ್ರಿ" ಎಂದು ಹಣ ಎಣಿಸಿ ಹೋಗುತ್ತಾರೆ. ಕಾಲು ಗಟ್ಟಿ ಎನ್ನುತ್ತದೆ, ಗಾಲಿಯನ್ನು ಯಾರೂ ಕೇಳುವುದಿಲ್ಲ.

ಕಲಘಟಗಿ ಕಡೆಯ ಒಬ್ಬ ಯಜಮಾನರು ಹಾಗೆಯೇ ಮೋಸ ಹೋದರು. ನಾಲ್ಕೂ ಗಾಲಿಗೆ ಡ್ರಮ್ ಇರುವ ಹಳೆ ಜೀಪು, ಬೂಸ್ಟರ್ ಇಲ್ಲ. ಯಾರೋ ಬೂಸ್ಟರ್ ಇದ್ದ ಗಾಡಿಯಿಂದ ಬಿಚ್ಚಿದ ದಪ್ಪ ಮಾಸ್ಟರ್ ಕೂಡಿಸಿಕೊಟ್ಟಿದ್ದರು. ಪೆಡಲ್ ಕಲ್ಲಿನಂತೆ ನಿಂತಿತು, ಯಜಮಾನರು ಖುಷಿಯಾದರು. ಮೂರು ವಾರದ ಮೇಲೆ ಸಂಜೆ ಹೊತ್ತು ಎಮ್ಮೆ ಅಡ್ಡ ಬಂತು. ಎರಡೂ ಕಾಲು ಕೊಟ್ಟು ತುಳಿದರೂ ಜೀಪು ನಿಲ್ಲಲಿಲ್ಲ, ಸ್ಟೇರಿಂಗ್ ಎಳೆದು ಗೋವಿನಜೋಳದ ಹೊಲಕ್ಕೆ ಇಳಿಸಿದರು. ಎಮ್ಮೆಯೂ ಉಳಿಯಿತು, ಅವರೂ ಉಳಿದರು. ನನ್ನ ಹತ್ತಿರ ಬಂದಾಗ ಬಂಪರಿನಲ್ಲಿ ಇನ್ನೂ ಜೋಳದ ದಂಟು ಸಿಕ್ಕಿಕೊಂಡಿತ್ತು. ಮೂಲ ಸೈಜಿನ ಮಾಸ್ಟರ್ ಹಾಕಿದೆ, ಲೈನರ್ ಸೆಟ್ ಮಾಡಿದೆ, ಆಯಿಲ್ ಲೈನಿನಲ್ಲಿ ಸಿಕ್ಕಿದ್ದ ಏರ್ ತೆಗೆದೆ. ಕೂತು ತುಳಿದು ನೋಡಿದವರು "ಪೆಡಲ್ ಮೆತ್ತಗಾತಲ್ರಿ ಸರ" ಎಂದು ಮುಖ ಸಣ್ಣ ಮಾಡಿದರು. ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ ಓಡಿಸಲು ಕೊಟ್ಟೆ. ಒಂದೇ ಕಾಲಿಗೆ ಜೀಪು ಮೂಗು ಬಗ್ಗಿಸಿ ನಿಂತಿತು. ಮೆತ್ತಗಾಯಿತು ಎನ್ನುವ ಮಾತು ಅಲ್ಲಿಗೇ ಬಿಟ್ಟರು.

ಹಾಗಂತ ಸಣ್ಣದಾದಷ್ಟೂ ಒಳ್ಳೆಯದು ಎಂದು ಇನ್ನೊಂದು ತುದಿಗೆ ಓಡಬೇಡಿ. ಈಗಿನ ಮಾಸ್ಟರಿನಲ್ಲಿ ಎರಡು ಪಿಸ್ಟನ್, ಎರಡು ಬೇರೆ ಬೇರೆ ಲೈನು. ಒಂದು ಲೈನು ಒಡೆದರೆ ಆ ಪಿಸ್ಟನ್ ಖಾಲಿ ಓಡಿ ತಳ ಮುಟ್ಟಿದ ಮೇಲೇ ಇನ್ನೊಂದು ಲೈನು ಹಿಡಿಯುತ್ತದೆ. ಆ ಹೊತ್ತಿಗೆ ಪೆಡಲಿನಲ್ಲಿ ಓಟ ಉಳಿದಿರಬೇಕು. ಕಂಪನಿಯವರು ಕೂತು ಲೆಕ್ಕ ಹಾಕಿ ಕೊಟ್ಟ ಸೈಜು ಅದಕ್ಕೇ ಇದೆ.

ಈಗ ಪ್ರಶ್ನೆ ಕೇಳಿದವರಿಗೆ: ನಿಮ್ಮ ಪೆಡಲ್ ಮೊದಲಿನಿಂದ ಕೆಳಗೆ ಹೋಗುತ್ತಿತ್ತೇ, ಇತ್ತೀಚೆಗೆ ಶುರುವಾಯಿತೇ? ಇತ್ತೀಚೆಗೆ ಎಂದರೆ ಮಾಸ್ಟರಿನ ಸೈಜಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಮ್ಮೆ ತುಳಿದಾಗ ಕೆಳಗೆ ಹೋಗಿ, ಬಿಟ್ಟು ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೆ ನಿಂತರೆ ಮೊದಲು ಹಿಂದಿನ ಡ್ರಮ್ಮಿನ ಲೈನರ್ ಸವೆದಿದೆಯೇ, ಸೆಟ್ ಮಾಡಬೇಕೇ ನೋಡಿಸಿ. ಸ್ಪಂಜು ತುಳಿದ ಹಾಗಿದ್ದರೆ ಏರ್ ಇದೆ. ಉಣಕಲ್ಲಿನ ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ನಿಂತಾಗ ಅದು ಮೆಲ್ಲಗೆ ತಾನೇ ಇಳಿಯುತ್ತಿದ್ದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರಿನೊಳಗಿನ ರಬ್ಬರ್ ಕಪ್ ಹೋಗಿದೆ. ಆಗ ಅದೇ ಸೈಜಿನ ಹೊಸ ಮಾಸ್ಟರ್ ಹಾಕಿಸಿ.

ಇನ್ನೊಂದನ್ನು ಯಾರೂ ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕೆಳಗೆ ನಿಲ್ಲಿಸಿ ಅರ್ಧ ತಾಸು ಬಿಟ್ಟರೆ ಸರಿಯಾಗುತ್ತದೆ. ದೇವರು ಕಾಪಾಡಿದ ಎಂದು ಮುಂದೆ ಹೋಗುತ್ತಾರೆ. ಆಗಿದ್ದು ಇಷ್ಟು: ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 3 ಎಂಬ ದರ್ಜೆ ಬರೆದ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಶೇಕಡಾ ಮೂರೂವರೆಯ ಮೇಲೆ ನೀರು ಸೇರಿತೆಂದರೆ ಆ ಮಟ್ಟ 140 ಮತ್ತು 155ಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಟಾಪ್ ಗೇರಿನಲ್ಲೇ ಬ್ರೇಕ್ ಹಿಡಿದು ಇಳಿದರೆ ಗಾಲಿಯ ಹತ್ತಿರದ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಅಮುಕಿದರೆ ಅಮುಕಿಕೊಳ್ಳುತ್ತದೆ, ಒತ್ತಡ ಮುಂದೆ ಸಾಗಿಸುವುದಿಲ್ಲ. ಮಾಸ್ಟರ್ ಯಾವ ಸೈಜಿನದಿದ್ದರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ, ಘಟ್ಟ ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವವರೂ ಇದ್ದಾರೆ. ಎರಡು ಮೂರು ಸಲ ತುಳಿದರೆ ಬೂಸ್ಟರಿನ ವ್ಯಾಕ್ಯೂಮ್ ಮುಗಿಯುತ್ತದೆ, ಆಮೇಲೆ ಪೆಡಲ್ ಆ ಕಲಘಟಗಿಯ ಜೀಪಿನದೇ.

ಆಯಿಲನ್ನು ಸೀಲ್ ಇದ್ದ ಡಬ್ಬಿಯಿಂದ ಕಣ್ಣೆದುರೇ ಹಾಕಿಸಿಕೊಳ್ಳಿ. ಹೋದ ದೀಪಾವಳಿಯಲ್ಲಿ ಒಡೆದ ಅರ್ಧ ಡಬ್ಬಿ ಮನೆಯಲ್ಲಿತ್ತು, ಇದನ್ನೇ ಹಾಕ್ರಿ ಎಂದು ತರುವವರು ಬಹಳ ಜನ. ಯಾರೇ ತಂದರೂ ನಾನು ಹಾಕಿಕೊಡುವುದಿಲ್ಲ.