ಮೇಲಕ್ಕೇರಲು ದಾರಿ ಸಿಗದ ಗುಳ್ಳೆ

ಗೆಳೆಯನೊಬ್ಬ ತನ್ನ ಕಾರಿನ ಮುಂದಿನ ಎರಡೂ ಬ್ರೇಕ್ ಕ್ಯಾಲಿಪರ್‌ಗಳನ್ನು ತಾನೇ ಬದಲಾಯಿಸಿದ್ದ. ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಅಮುಕಿ ಹಿಡಿಯುವ ಭಾಗವೇ ಕ್ಯಾಲಿಪರ್. ಹಳೆಯವುಗಳಲ್ಲಿ ಒಂದರ ಪಿಸ್ಟನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಹೊಸ ಕ್ಯಾಲಿಪರ್, ಹೊಸ ಪ್ಯಾಡ್, ಹೊಸ ತಾಮ್ರದ ವಾಷರ್, ಸೀಲು ಒಡೆಯದ ಡಬ್ಬಿಯ ಬ್ರೇಕ್ ಆಯಿಲ್ ಎಲ್ಲವನ್ನೂ ತಂದು, ಇಡೀ ದಿನ ಕುಳಿತು ಶ್ರದ್ಧೆಯಿಂದಲೇ ಜೋಡಿಸಿದ್ದ. ಆದರೆ ಕೆಲಸ ಮುಗಿದ ಮೇಲೆ ಪೆಡಲ್ ಒತ್ತಿದರೆ ಅದು ಮೆತ್ತಗೆ ಇಳಿಯುತ್ತಾ ಹೆಚ್ಚುಕಡಿಮೆ ನೆಲ ಮುಟ್ಟುತ್ತಿತ್ತು. ಬೇಗಬೇಗನೆ ಮೂರು ನಾಲ್ಕು ಸಲ ಒತ್ತಿದರೆ ಮಾತ್ರ ಸ್ವಲ್ಪ ಬಿಗಿ ಬರುತ್ತಿತ್ತು. ಬ್ರೇಕಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಮತ್ತೆ ಮತ್ತೆ ಹೊರತೆಗೆದರೂ ಪರಿಸ್ಥಿತಿ ಬದಲಾಗಲಿಲ್ಲ. ಆ ಸ್ಥಿತಿಯಲ್ಲಿ ಕಾರನ್ನು ರಸ್ತೆಗಿಳಿಸದೆ ನನ್ನನ್ನು ಕರೆದದ್ದು ಅವನು ಆ ದಿನ ಮಾಡಿದ ಅತ್ಯಂತ ಸರಿಯಾದ ಕೆಲಸವೆಂದೇ ನಾನು ಭಾವಿಸುತ್ತೇನೆ.

ಪೆಡಲ್ ಏಕೆ ಮೆತ್ತಗಾಗುತ್ತದೆ ಎಂಬುದು ತಿಳಿಯಬೇಕಾದರೆ, ಪಾದದ ಬಲ ಚಕ್ರದವರೆಗೆ ಹೇಗೆ ತಲುಪುತ್ತದೆ ಎಂಬುದನ್ನು ಮೊದಲು ನೋಡಬೇಕು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟ. ಕಾರಿನ ಬ್ರೇಕು ಈ ನಿಯಮದ ಮೇಲೆಯೇ ನಿಂತಿದೆ. ಒಂದು ಮಾದರಿ ಲೆಕ್ಕ ಹಾಕೋಣ. ಪಾದ 20 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, ಪೆಡಲಿನ ಸನ್ನೆಕೋಲು ಅದನ್ನು ನಾಲ್ಕು ಪಟ್ಟು ಹೆಚ್ಚಿಸಿ 80 ಮಾಡುತ್ತದೆ. ನಿರ್ವಾತದ ನೆರವಿನಿಂದ ಕೆಲಸ ಮಾಡುವ ಬೂಸ್ಟರ್ ಅದನ್ನು ಮೂರು ಪಟ್ಟು ಮಾಡಿ 240ಕ್ಕೆ ಏರಿಸುತ್ತದೆ ಎನ್ನೋಣ. ಈ ಬಲ 22 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿನೊಳಗಿನ ದ್ರವವನ್ನು ತಳ್ಳಿದಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 63 ಕಿಲೋಗ್ರಾಂ ಒತ್ತಡ ಉಂಟಾಗುತ್ತದೆ. ಅದೇ ಒತ್ತಡ ಕ್ಯಾಲಿಪರಿನಲ್ಲಿರುವ 54 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಬಿದ್ದಾಗ ಪ್ಯಾಡು 1,400 ಕಿಲೋಗ್ರಾಂಗೂ ಮಿಕ್ಕಿದ ಬಲದಿಂದ ಡಿಸ್ಕನ್ನು ಅಮುಕುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಒತ್ತಡ ಸಿಗುವುದು ಇದರ ಇನ್ನೊಂದು ಹಿರಿಮೆ. ಸರಳು ಮತ್ತು ತಂತಿಗಳಿಂದ ಬ್ರೇಕು ಎಳೆಯುತ್ತಿದ್ದ ಕಾಲದಲ್ಲಿ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಹದಗೊಳಿಸಬೇಕಿತ್ತು. 1921ರಲ್ಲಿ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕೂ ಚಕ್ರಗಳಿಗೆ ದ್ರವಚಾಲಿತ ಬ್ರೇಕು ಅಳವಡಿಸಿಕೊಂಡು ಬಂದದ್ದು ಅದಕ್ಕಾಗಿಯೇ ದೊಡ್ಡ ಹೆಜ್ಜೆ.

ಈ ಏರ್ಪಾಡೆಲ್ಲ ನಡೆಯುವುದು ದ್ರವ ಕುಗ್ಗುವುದಿಲ್ಲ ಎಂಬ ಭರವಸೆಯ ಮೇಲೆ. ಮೇಲೆ ಹೇಳಿದ ಒತ್ತಡಕ್ಕೆ ಬ್ರೇಕಿನ ದ್ರವ ಕುಗ್ಗುವುದು ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ. ಗಾಳಿಯ ಗುಣ ಪೂರ್ತಿ ಬೇರೆ. ಕೊಳವೆಯಲ್ಲಿ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು, ಗಾಳಿ ಉಳಿದಿದೆ ಎಂದುಕೊಳ್ಳಿ. ಪೂರ್ತಿ ಒತ್ತಡ ಬಿದ್ದಾಗ ಅದು ಒಂದು ಹನಿಯಷ್ಟು ಜಾಗಕ್ಕೆ ಮುದುಡಿಕೊಳ್ಳುತ್ತದೆ. ಹಾಗೆ ಖಾಲಿಯಾದ ಜಾಗವನ್ನು ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ 13 ಮಿಲಿಮೀಟರ್ ಹೆಚ್ಚು ಚಲಿಸಬೇಕು. ಸನ್ನೆಯ ಲೆಕ್ಕದಲ್ಲಿ ಪೆಡಲು 5 ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಹೋಗಬೇಕು. ನಮ್ಮ ಪಾದ ಅಷ್ಟು ದೂರವೂ ಗಾಳಿಯನ್ನು ಹಿಂಡುತ್ತಿರುತ್ತದೆಯೇ ಹೊರತು ಕಾರನ್ನು ನಿಲ್ಲಿಸುತ್ತಿರುವುದಿಲ್ಲ. ಮೇಲಿಂದ ಮೇಲೆ ಒತ್ತಿದಾಗ ಬಿಗಿ ಬರುವುದೇಕೆಂದರೆ, ಹಿಂದಿನ ಸಲ ಹೋದ ದ್ರವ ಮರಳುವ ಮೊದಲೇ ಮಾಸ್ಟರ್ ಸಿಲಿಂಡರಿನ ಮೇಲಿರುವ ದ್ರವದ ಡಬ್ಬಿಯಿಂದ ಇನ್ನಷ್ಟು ದ್ರವ ಒಳನುಗ್ಗಿ ಆ ಜಾಗವನ್ನು ತಾತ್ಕಾಲಿಕವಾಗಿ ತುಂಬಿಬಿಡುತ್ತದೆ.

ಆದ್ದರಿಂದ ಒಳಗೆ ಗಾಳಿಯಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅಷ್ಟು ಸಲ ತೆಗೆದರೂ ಅದು ಏಕೆ ಹೋಗಲಿಲ್ಲ ಎಂಬುದೇ ಪ್ರಶ್ನೆಯಾಗಿತ್ತು. ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ, ಎಡಗಡೆಯ ಚಕ್ರ ಕಳಚಿ ಟಾರ್ಚು ಹಿಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ರಬ್ಬರ್ ಹೋಸು: ಅದರ ಉದ್ದಕ್ಕೂ ಇದ್ದ ಬಿಳಿ ಗೆರೆ ನೇರವಾಗಿರದೆ ಹಗ್ಗದ ಹುರಿಯಂತೆ ಸುತ್ತಿಕೊಂಡಿತ್ತು. ಕ್ಯಾಲಿಪರಿನ ಬೆನ್ನಿನ ಮೇಲೆ ಬೆರಳಾಡಿಸಿದರೆ ಗಾಳಿ ತೆಗೆಯುವ ನಿಪ್ಪಲ್ ಇರಬೇಕಾದ ಮೇಲ್ತುದಿ ಬೋಳಾಗಿತ್ತು. ನಿಪ್ಪಲ್ ಕೆಳತುದಿಯಲ್ಲಿ, ನೆಲದ ಕಡೆಗೆ ಮುಖಮಾಡಿ ಕುಳಿತಿತ್ತು. ಬಲಗಡೆಯೂ ಹಾಗೆಯೇ. ಎಡದ ಕ್ಯಾಲಿಪರ್ ಬಲಕ್ಕೂ ಬಲದ್ದು ಎಡಕ್ಕೂ ಹೋಗಿದ್ದವು. ಅವೆರಡೂ ಕನ್ನಡಿಯ ಪ್ರತಿಬಿಂಬಗಳಂತಿದ್ದರೂ ಬೋಲ್ಟಿನ ತೂತುಗಳು ಒಂದೇ ಅಳತೆಯವಾದ್ದರಿಂದ ಅದಲುಬದಲಾದರೂ ಸಲೀಸಾಗಿ ಕೂತುಬಿಡುತ್ತವೆ. ಕೈಯಲ್ಲಿರುವ ಪಾನಾ ಈ ತಪ್ಪನ್ನು ಎಲ್ಲಿಯೂ ತಡೆಯುವುದಿಲ್ಲ.

ಗಾಳಿ ದ್ರವಕ್ಕಿಂತ ಹಗುರ. ಗುಳ್ಳೆ ಯಾವಾಗಲೂ ಎತ್ತರದ ಮೂಲೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಕ್ಯಾಲಿಪರ್ ಮಾಡುವವರು ನಿಪ್ಪಲನ್ನು ಅತ್ಯಂತ ಎತ್ತರದ ಜಾಗದಲ್ಲಿ ಕೊರೆಯುವುದು ಇದೇ ಕಾರಣಕ್ಕೆ. ಅದು ಕೆಳಗಿದ್ದರೆ ದ್ರವ ಹೊರಬರುತ್ತದೆ, ಕೆಲವು ಗುಳ್ಳೆಗಳೂ ಬರುತ್ತವೆ, ಆಮೇಲೆ ತಿಳಿಯಾದ ದ್ರವವಷ್ಟೇ ಬಂದು ಕೆಲಸ ಮುಗಿಯಿತೆಂಬ ನಂಬಿಕೆ ಹುಟ್ಟಿಸುತ್ತದೆ. ಪಿಸ್ಟನ್ನಿನ ಹಿಂದೆ, ಮೇಲ್ಭಾಗದಲ್ಲಿ ಸೇರಿಕೊಂಡ ಗಾಳಿ ಮಾತ್ರ ಅಲ್ಲಿಯೇ ಇರುತ್ತದೆ. ಎಷ್ಟು ದ್ರವ ಸುರಿದರೂ ಅದಕ್ಕೆ ಹೊರಹೋಗುವ ದಾರಿಯೇ ಇಲ್ಲ.

ಕ್ಯಾಲಿಪರ್‌ಗಳನ್ನು ಬಿಚ್ಚುವಾಗ ಇನ್ನೊಂದು ಸಂಗತಿ ಕಂಡಿತು; ನನ್ನ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಹೆಚ್ಚು ಆತಂಕದ್ದು, ಏಕೆಂದರೆ ಅದು ಅಂದೇ ತೊಂದರೆ ಕೊಡದೆ ತಿಂಗಳುಗಳ ನಂತರ ಕೊಡುವಂಥದ್ದು. ಕ್ಯಾಲಿಪರ್ ಆಚೀಚೆ ಜಾರಲು ಇರುವ ಪಿನ್ನುಗಳಿಗೆ ಅವನು ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನು ಧಾರಾಳವಾಗಿ ಸವರಿದ್ದ. ನಾವು ರೂಢಿಯಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವುದು ಸಾಮಾನ್ಯವಾಗಿ ಗ್ಲೈಕಾಲ್ ಈಥರ್‌ಗಳ ಮಿಶ್ರಣ. ಅದು ಎಣ್ಣೆಯೇ ಅಲ್ಲ. ಬ್ರೇಕಿನ ರಬ್ಬರು ಭಾಗಗಳನ್ನು ಈ ದ್ರವಕ್ಕೆ ಹೊಂದುವಂತೆ ತಯಾರಿಸಿರುತ್ತಾರೆ, ಮತ್ತು ಅದೇ ಜಾತಿಯ ರಬ್ಬರು ಪೆಟ್ರೋಲಿಯಂ ಮೂಲದ ಎಣ್ಣೆ ಅಥವಾ ಗ್ರೀಸು ತಗುಲಿದರೆ ಅದನ್ನು ಹೀರಿ ಊದಿಕೊಳ್ಳುತ್ತದೆ. ಪಿನ್ನಿನ ರಬ್ಬರು ಊದಿದರೆ ಪಿನ್ನು ಸಿಕ್ಕಿಕೊಳ್ಳುತ್ತದೆ, ಕ್ಯಾಲಿಪರ್ ಜಾರುವುದಿಲ್ಲ, ಒಳಗಡೆಯ ಪ್ಯಾಡು ಒಂದೇ ದುಡಿದು ಸವೆಯುತ್ತದೆ. ಪಿನ್ನುಗಳನ್ನು ಒರೆಸಿ ತೊಳೆದು, ರಬ್ಬರುಗಳನ್ನು ಬದಲಾಯಿಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿದೆವು. ಒಂದು ಪ್ಯಾಡಿನ ಮುಖದ ಮೇಲೆಯೇ ಹೆಬ್ಬೆರಳಿನ ಗ್ರೀಸ್ ಗುರುತು ಸ್ಪಷ್ಟವಾಗಿ ಮೂಡಿತ್ತು. ಆ ಜೊತೆಯನ್ನು ಪೂರ್ತಿಯಾಗಿ ಕೈಬಿಟ್ಟು ಬೇರೆ ಪ್ಯಾಡುಗಳನ್ನು ಹಾಕಿದೆವು. ಈ ವಿಷಯದಲ್ಲಿ ಉಳಿತಾಯ ಸಲ್ಲದು.

ದ್ರವವನ್ನೂ ಹೊಸದಾಗಿ ತುಂಬಿದೆವು. ತೆರೆದ ಡಬ್ಬಿಯ ದ್ರವ ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ ಮೂರೂವರೆ ಭಾಗದಷ್ಟು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ 1,200 ಕಿಲೋಗ್ರಾಂ ತೂಕದ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖ ಸುಮಾರು 460 ಕಿಲೋಜೂಲ್. ಹೆಚ್ಚುಕಡಿಮೆ ಒಂದೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಉದ್ದದ ಇಳಿಜಾರಿನಲ್ಲಿ ಇಂಥ ಶಾಖ ಮೇಲಿಂದ ಮೇಲೆ ಸೇರಿ ಕ್ಯಾಲಿಪರಿನೊಳಗಿನ ದ್ರವ ಕುದ್ದರೆ, ಹುಟ್ಟುವ ಆವಿಯ ಗುಳ್ಳೆಯೂ ಗಾಳಿಯ ಗುಳ್ಳೆಯಷ್ಟೇ ಸುಲಭವಾಗಿ ಮುದುಡಿಕೊಳ್ಳುತ್ತದೆ.

ಕ್ಯಾಲಿಪರ್‌ಗಳನ್ನು ತಮ್ಮ ತಮ್ಮ ಕಡೆಗೆ ಬದಲಾಯಿಸಿ ಕಟ್ಟಿದಾಗ ಹೋಸುಗಳ ತಿರುಚು ತಾನಾಗಿಯೇ ಹೋಯಿತು. ಗೆಳೆಯ ಪೆಡಲ್ ಒತ್ತಿ ಹಿಡಿದುಕೊಂಡ. ನಾನು ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ದ್ರವವಿದ್ದ ಬಾಟಲಿಯೊಳಗೆ ಮುಳುಗಿಸಿ, ಕಾಲು ಸುತ್ತು ಸಡಿಲಿಸಿದೆ. ಪೆಡಲನ್ನು ಬಿಡುವ ಮೊದಲೇ ನಿಪ್ಪಲ್ ಬಿಗಿಯಬೇಕು, ಇಲ್ಲವಾದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮೊದಲ ಸಲ ಗೊರಗೊರ ಸದ್ದಿನೊಂದಿಗೆ ಹೆಬ್ಬೆರಳಿನ ಉದ್ದದ ಗಾಳಿಯ ತುಂಡೊಂದು ನಳಿಕೆಯಲ್ಲಿ ಹಾದುಹೋಯಿತು. ಆಮೇಲೆ ನೊರೆ, ಆಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು, ಕೊನೆಗೆ ಏನೂ ಇಲ್ಲದ ತಿಳಿ ದ್ರವ. ಎರಡೂ ಕಡೆ ಮುಗಿದ ಮೇಲೆ ಪೆಡಲು ಸ್ವಲ್ಪ ದೂರ ಇಳಿದು ಗೋಡೆಗೆ ತಗುಲಿದಂತೆ ನಿಂತಿತು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದರೂ ಕುಸಿಯಲಿಲ್ಲ. ವಾಷರುಗಳ ಸುತ್ತ ತೇವವಿರಲಿಲ್ಲ.

ಖಾಲಿ ಜಾಗದಲ್ಲಿ ನಡಿಗೆಯ ವೇಗದಿಂದ ಆರಂಭಿಸಿ, ಹಂತಹಂತವಾಗಿ ವೇಗ ಹೆಚ್ಚಿಸುತ್ತಾ, ಪೂರ್ತಿ ನಿಲ್ಲಿಸದೆ ಹಲವು ಸಲ ಬ್ರೇಕು ಒತ್ತಿ ಪ್ಯಾಡುಗಳನ್ನು ಹದಕ್ಕೆ ತಂದೆವು. ಕಾರು ಯಾವ ಕಡೆಗೂ ಎಳೆಯಲಿಲ್ಲ. ನಿಲ್ಲಿಸಿದ ಕೂಡಲೇ ಗೆಳೆಯ ಇಳಿದು, ಮುಟ್ಟದೆಯೇ ಬಿಸಿ ಅಳೆಯುವ ಅವಕೆಂಪು (ಇನ್‌ಫ್ರಾರೆಡ್) ಥರ್ಮಾಮೀಟರನ್ನು ಮೊದಲು ಎಡ ಡಿಸ್ಕಿಗೂ ಆಮೇಲೆ ಬಲ ಡಿಸ್ಕಿಗೂ ಹಿಡಿದ. ಎರಡರ ನಡುವೆ 4 ಡಿಗ್ರಿಯ ವ್ಯತ್ಯಾಸವಷ್ಟೇ ಇತ್ತು.