ಪ್ರೂಫ್ ಸೆಟ್ಟಿನ ಡಬ್ಬಿಯನ್ನು ಬಚ್ಚಲ ಒಲೆಗೆ ಹಾಕಬೇಡಿ

ಮಳೆಗಾಲ ಮುಗಿದು ಅಟ್ಟ, ಕಪಾಟು ಚೊಕ್ಕ ಮಾಡೋ ಹೊತ್ತಿಗೆ ನನ್ನ ಅಂಗಡಿಗೆ ಹಳೇ ನಾಣ್ಯ ಬರೋದು ಜಾಸ್ತಿ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದವರು ಕರ್ಚೀಫಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿಯುತ್ತಾರೆ. ಅದರಲ್ಲಿ 1969ರ ಗಾಂಧಿ ಶತಮಾನೋತ್ಸವದ ಪ್ರೂಫ್ ಸೆಟ್, ಅಂದರೆ ಸಂಗ್ರಹಕಾರರಿಗೆಂದೇ ಟಂಕಸಾಲೆ ವಿಶೇಷವಾಗಿ ಒತ್ತಿ ಡಬ್ಬಿಯಲ್ಲಿಟ್ಟು ಕೊಟ್ಟ ನಾಣ್ಯಗಳು, ಇದ್ದರೆ ಆ ಸದ್ದಿಗೇ ನನಗೆ ಸಂಕಟ. ಡಬ್ಬಿ ಎಲ್ಲಿ ಅಂತ ಕೇಳುತ್ತೇನೆ. "ಬೂಸ್ಟು ಹಿಡಿದಿತ್ತು ಸಾರ್, ಬಚ್ಚಲ ಒಲೆಗೆ ಹಾಕಿದ್ವಿ."

ದಯವಿಟ್ಟು ಹಾಕಬೇಡಿ.

ಪ್ರೂಫ್ ಅನ್ನೋದು ನಾಣ್ಯ ಎಷ್ಟು ಹೊಸದಾಗಿದೆ ಅನ್ನೋ ಲೆಕ್ಕ ಅಲ್ಲ, ಅದನ್ನು ಮಾಡಿದ ರೀತಿ. ಅಚ್ಚಿಗೂ ಬಿಲ್ಲೆಗೂ ಪಾಲಿಶ್ ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತಿರುತ್ತಾರೆ. ಗಾಂಧಿಯ ಹತ್ತು ರೂಪಾಯಿ 15 ಗ್ರಾಂ ತೂಕ, ಅದರಲ್ಲಿ ಶೇಕಡ 80 ಬೆಳ್ಳಿ. ಅದೇ ಚಿತ್ರದ್ದು, ಅದೇ ತೂಕದ್ದು ಮಾಮೂಲಿ ನಾಣ್ಯವಾಗಿಯೂ ಬಂತು, ಪ್ರೂಫ್ ಆಗಿಯೂ ಬಂತು. ಮೇಲ್ಮೈ ಮಾಸಿದ ಮೇಲೆ ಎರಡನ್ನೂ ಬೇರೆ ಮಾಡೋದು ಕಷ್ಟ. ಆಗ ನೆರವಿಗೆ ಬರೋದು ಡಬ್ಬಿ, ಒಳಗಿನ ಕಾರ್ಡು, ಹೊರಗಿನ ಲಕೋಟೆ. ಡಬ್ಬಿ ಇದ್ದ ಮಾತ್ರಕ್ಕೆ ಒಳಗಿನದೆಲ್ಲ ಅಸಲಿ ಅಂತ ನಾನು ಬರೆದುಕೊಡಲಾರೆ, ನಾಣ್ಯ ಬದಲಾಯಿಸಿದ ಡಬ್ಬಿಗಳೂ ಬರುತ್ತವೆ. ಆದರೆ ಡಬ್ಬಿಯಿಲ್ಲದ ಸೆಟ್ಟು ಕೊಳ್ಳುವವರ ಕಣ್ಣಿಗೆ ಬರೀ ಬಿಡಿ ನಾಣ್ಯ.

ಡಬ್ಬಿಯ ಮೂಲೆ ಹರಿದಿದ್ದರೂ ಅದು ಸೆಟ್ಟಿನ ಭಾಗವೇ. ಬಣ್ಣ ಹೋಗಿದ್ದರೂ ಭಾಗವೇ. ಬೂಸ್ಟನ್ನು ಒಣ ಬ್ರಶ್ಶಿನಿಂದ ಮೆಲ್ಲಗೆ ತೆಗೆಯಿರಿ. ನೀರು ಬೇಡ, ಸೆಲ್ಲೋಟೇಪೂ ಬೇಡ.

ಇಷ್ಟು ಹೇಳಿದರೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹಾಗಾದ್ರೆ ಹೇಗಿದೆಯೋ ಹಾಗೇ ಇಟ್ಟರಾಯ್ತು ಅಲ್ವಾ ಅಂತಾರೆ. ಅದೂ ಪೂರ್ತಿ ಸರಿಯಲ್ಲ. ಪಿವಿಸಿ ಇರೋ ಮೆತ್ತನೆಯ ಪ್ಲಾಸ್ಟಿಕ್ ವರ್ಷ ಕಳೆದಂತೆ ಅಂಟುಅಂಟಾಗಿ, ತಾಮ್ರ ಬೆರೆತ ನಾಣ್ಯಕ್ಕೆ ಹಸಿರು ಜಿಡ್ಡು ಹತ್ತಿಸುತ್ತದೆ. 1950ರ ದಶಕದ ಮೊದಲ ವರ್ಷಗಳ ಅಮೆರಿಕದ ಸೆಟ್‌ಗಳೂ ಆಗೀಗ ಬರುತ್ತವೆ, ವಿದೇಶದಲ್ಲಿರೋ ಮಕ್ಕಳು ತಂದುಕೊಟ್ಟದ್ದು. ಅವುಗಳಲ್ಲಿ ಒಂದೊಂದು ನಾಣ್ಯವನ್ನೂ ಸೆಲ್ಲೋಫೇನ್ ಚೀಲಕ್ಕೆ ಹಾಕಿ, ಚೀಲಗಳನ್ನು ಸೇರಿಸಿ ಸ್ಟೇಪಲ್ ಹೊಡೆದು, ರಟ್ಟಿನ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಮಲೆನಾಡಿನ ಥಂಡಿಗೆ ಆ ಸ್ಟೇಪಲ್ಲು ತುಕ್ಕು ಹಿಡಿಯದೆ ಇರುತ್ತದೆಯೇ? ಇಂಥ ಕಡೆ ನಾಣ್ಯವನ್ನು ಅಂಚು ಹಿಡಿದು ತೆಗೆದು, ನಾಣ್ಯಕ್ಕೆಂದೇ ಇರೋ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾಪ್ಸೂಲಿಗೆ ಹಾಕಬೇಕು. ಖಾಲಿಯಾದ ಹಳೇ ಪ್ಯಾಕಿಂಗ್ ಪಕ್ಕದಲ್ಲೇ ಇರಲಿ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಆಗಿರೋದನ್ನು ಮಾತ್ರ ನೀವಾಗಿ ಒಡೆಯಬೇಡಿ. ಒಳಗೆ ಹಸಿರು ಕಂಡರೆ ಗೊತ್ತಿರೋರಿಗೆ ತೋರಿಸಿ.

ಸಾಗರದ ಕಡೆಯ ಅಜ್ಜಿಯೊಬ್ಬರು ಗಂಡ ಜೋಪಾನ ಮಾಡಿದ್ದ ಸೆಟ್ಟು ತಂದಿದ್ದರು. ಡಬ್ಬಿ, ಕಾರ್ಡು ಎಲ್ಲ ಇತ್ತು. ದಸರಾಕ್ಕೆ ದೇವರ ಸಾಮಾನು ಬೆಳಗುವಾಗ ಗಾಂಧಿಯನ್ನೂ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದ್ದರು. ನಾಣ್ಯವನ್ನು ದೀಪಕ್ಕೆ ಓರೆ ಹಿಡಿದೆ. ಹಿನ್ನೆಲೆಯ ತುಂಬ ಕೂದಲೆಳೆಯಷ್ಟು ಸಣ್ಣ ಗೀರು, ಎಲ್ಲವೂ ಸುತ್ತು ಸುತ್ತಾಗಿ, ಬೆರಳು ಓಡಿದ ದಾರಿಯಲ್ಲೇ. ಅದು ಈಗಲೂ ಪ್ರೂಫೇ, ಆದರೆ ಬೆಲೆ ಬಹಳ ಇಳಿಯುತ್ತದೆ. ಅಷ್ಟು ಅಕ್ಕರೆಯಿಂದ ಬೆಳಗಿದವರಿಗೆ ಹೇಗೆ ಹೇಳೋದು? ಹೇಳಿದೆ. "ಇರಲಿ ಬಿಡಿ, ಮಾರಲ್ಲ" ಅಂದರು. ನನಗೂ ಸಮಾಧಾನವಾಯಿತು.

ಇಡೋ ಜಾಗದ ಬಗ್ಗೆ ಒಂದೆರಡು ಮಾತು. ಒಲೆ ಹೊಗೆ ತಾಗುವ ಅಟ್ಟ ಬೇಡ. ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನುಸಿಗುಳಿಗೆಯೂ ಹತ್ತಿರ ಬೇಡ. ಗೋಡೆಗೆ ತಾಗದ ಕಪಾಟಿನಲ್ಲಿ, ಮುಚ್ಚಳ ಬಿಗಿಯಾದ ಡಬ್ಬದೊಳಗೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೂನ್ ಮಳೆ ಹಿಡಿಯೋ ಮುಂಚೆ ಆ ಪೊಟ್ಟಣ ಬದಲಿಸಿ.