ಮರಿಯಾನಾ ಎನ್ರಿಕೆಸ್ ಬರೆಯೋದು ದೆವ್ವದ ಕಥೆ ತಾನೇ, ವಿಮರ್ಶಕರು ಯಾಕೆ ಇಷ್ಟು ಹೊಗಳುತ್ತಾರೆ?

ಓದುಗರ ಪ್ರಶ್ನೆ: ಅರ್ಜೆಂಟೀನಾದ ಈ ಲೇಖಕಿ ಬರೆಯೋದೆಲ್ಲ ದೆವ್ವ, ಹೆಣ, ಮಾಟದ ಕಥೆಗಳು. ಆದರೂ ದೊಡ್ಡ ದೊಡ್ಡ ಪ್ರಶಸ್ತಿಗಳ ಪಟ್ಟಿಯಲ್ಲಿ ಅವರ ಹೆಸರು ಇರುತ್ತೆ. ನಿಜಕ್ಕೂ ಅಷ್ಟು ಚೆನ್ನಾಗಿವೆಯಾ, ಇಲ್ಲಾ ಬರೀ ಹವಾನಾ?

ನಿಜಕ್ಕೂ ಚೆನ್ನಾಗಿವೆ. ಯಾಕೆ ಅಂತ ಹೇಳೋಕೆ ಒಂದು ಕಥೆ ಸಾಕು.

ಒಬ್ಬಳು ಹುಡುಗಿ ಹಿತ್ತಲಲ್ಲಿ ಮಣ್ಣು ಅಗೆಯುವಾಗ ಸಣ್ಣ ಸಣ್ಣ ಎಲುಬು ಸಿಗುತ್ತವೆ. ನೋಡಿದ ಕೂಡಲೇ ಅವು ಯಾರವು ಅಂತ ಅಜ್ಜಿಗೆ ಗೊತ್ತಾಗುತ್ತದೆ: ಹಸುಗೂಸಾಗಿದ್ದಾಗಲೇ ತೀರಿಕೊಂಡ, ಅಜ್ಜಿಯ ಸ್ವಂತ ತಂಗಿಯವು. ವರ್ಷಗಳು ಕಳೆದು, ಹುಡುಗಿ ಬೆಳೆದು ಬೇರೆ ಮನೆ ಮಾಡಿದ ಮೇಲೆ, ಒಂದು ರಾತ್ರಿ ಆ ಕೂಸು ಅವಳ ಹಾಸಿಗೆ ಪಕ್ಕ ಬಂದು ಅಳುತ್ತದೆ. ಮೈ ಅರ್ಧ ಕೊಳೆತಿದೆ, ಮಾತು ಬರಲ್ಲ, ತಲೆ ಮಾತ್ರ ಆಡಿಸುತ್ತದೆ. ಕೊನೆಗೆ ಇಬ್ಬರೂ ಹಳೇ ಮನೆಗೆ ಹೋಗುತ್ತಾರೆ. ಅಲ್ಲಿ ಹಿತ್ತಲೇ ಇಲ್ಲ. ಆ ಜಾಗದಲ್ಲಿ ಈಜುಕೊಳ ಬಂದಿದೆ. ಎಲುಬು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಆ ಈಜುಕೊಳದ ಮುಂದೆ ನನಗೆ ಉಸಿರು ಕಟ್ಟಿತು. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಸೇನೆಯ ಆಡಳಿತವಿತ್ತು. ಸೇನೆಯವರು ಮನೆಯಿಂದ ಎಳೆದುಕೊಂಡು ಹೋದ ಸಾವಿರಾರು ಮಂದಿ ವಾಪಸ್ ಬರಲಿಲ್ಲ. ಹಾಗೆ ಕಾಣೆಯಾದವರು 30,000 ಮಂದಿ ಅಂತ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. 1984ರಿಂದ ಅಲ್ಲಿನ ವಿಧಿವಿಜ್ಞಾನ ತಜ್ಞರು ಗುರುತಿಲ್ಲದ ಗೋರಿಗಳನ್ನು ಅಗೆದು, ಯಾವ ಎಲುಬು ಯಾರದು ಅಂತ ಪತ್ತೆ ಮಾಡುತ್ತಿದ್ದಾರೆ. ಎನ್ರಿಕೆಸ್ ಹುಟ್ಟಿದ್ದು 1973ರಲ್ಲಿ, ಅಂದರೆ ಅವರ ಬಾಲ್ಯವೆಲ್ಲ ಆ ಕಾಲದ್ದೇ. ಈ ಕಥೆ ಸೇನೆಯ ಬಗ್ಗೆ ಅಲ್ಲ. ಆದರೆ ಎಲುಬೂ ಸಿಗದ ಸತ್ತವರು ಅಂದರೆ ಏನು ಅಂತ ಆ ದೇಶದವರಿಗೆ ಬಿಡಿಸಿ ಹೇಳಬೇಕಾ?

ವಿಮರ್ಶಕರು ಹಿಡಿದದ್ದು ಇದನ್ನೇ. ಮೊದಲ ಕಾದಂಬರಿ 1995ರಲ್ಲೇ ಬಂದಿದ್ದರೂ ಹೊರದೇಶಗಳಲ್ಲಿ ಅವರ ಹೆಸರು ಓಡಾಡಿದ್ದು 2016ರ ‘ಥಿಂಗ್ಸ್ ವಿ ಲಾಸ್ಟ್ ಇನ್ ದ ಫೈರ್’ ಕಥಾಸಂಕಲನದ ನಂತರ. 2019ರಲ್ಲಿ ‘ಅವರ್ ಶೇರ್ ಆಫ್ ನೈಟ್’ ಕಾದಂಬರಿಗೆ ಸ್ಪೇನ್‌ನ ಎರಾಲ್ದೆ ಪ್ರಶಸ್ತಿ ಬಂತು. ‘ದ ಡೇಂಜರ್ಸ್ ಆಫ್ ಸ್ಮೋಕಿಂಗ್ ಇನ್ ಬೆಡ್’ ಅನ್ನೋ ಇನ್ನೊಂದು ಕಥಾಸಂಕಲನ 2021ರಲ್ಲಿ ಇಂಟರ್‌ನ್ಯಾಷನಲ್ ಬೂಕರ್‌ನ ಕೊನೆಯ ಆರರಲ್ಲಿತ್ತು. 2025ರಲ್ಲಿ ನಮ್ಮ ಬಾನು ಮುಷ್ತಾಕ್ ಅವರ ಕಥೆಗಳಿಗೆ ಸಿಕ್ಕಿತಲ್ಲ, ಅದೇ ಪ್ರಶಸ್ತಿ.

ಒಂದು ಹೊಗಳಿಕೆಯನ್ನು ಮಾತ್ರ ನಾನು ಒಪ್ಪಲ್ಲ. ‘ಇವರು ಹಾರರ್ ಅನ್ನು ಮೀರಿ ಬರೆಯುತ್ತಾರೆ’ ಅನ್ನೋದು. ಎನ್ರಿಕೆಸ್ ತಾವು ಹಾರರ್ ಬರೆಯುವವರು ಅಂತಲೇ ಹೇಳಿಕೊಳ್ಳುತ್ತಾರೆ. ಅಮೆರಿಕದ ಹಾರರ್ ಲೇಖಕರಾದ ಸ್ಟೀಫನ್ ಕಿಂಗ್, ಲವ್‌ಕ್ರಾಫ್ಟ್ ಋಣವನ್ನೂ ಬಚ್ಚಿಡಲ್ಲ. ಬ್ಯೂನಸ್ ಐರಿಸ್‌ನ ರಿಯಾಚ್ವೆಲೊ ನದಿಗೆ ಪೊಲೀಸರು ಹುಡುಗರನ್ನು ಬಲವಂತವಾಗಿ ಇಳಿಸಿ, ಒಬ್ಬ ಮುಳುಗಿ ಸತ್ತದ್ದು 2002ರಲ್ಲಿ ನಿಜವಾಗಿ ನಡೆದದ್ದು. ಎನ್ರಿಕೆಸ್ ಅವರದೊಂದು ಕಥೆಯಲ್ಲೂ ಪೊಲೀಸರು ಹುಡುಗರನ್ನು ಅದೇ ಕೊಳಕು ನದಿಗೆ ತಳ್ಳುತ್ತಾರೆ. ಆದರೆ ಸತ್ತ ಹುಡುಗ ನೀರಿನಿಂದ ಎದ್ದು ಬರುತ್ತಾನೆ. ಎದ್ದು ಬರೋದನ್ನು ತೆಗೆದುಬಿಡಿ, ಉಳಿಯೋದು ನಾವು ಓದಿ ಮಡಚಿಡುವ ಪೇಪರ್ ಸುದ್ದಿ. ಕಥೆಯ ಶಕ್ತಿ ಇರೋದೇ ಆ ಹೆಣದಲ್ಲಿ.

ತಕರಾರುಗಳೂ ಇವೆ. ‘ಅವರ್ ಶೇರ್ ಆಫ್ ನೈಟ್’ ಕಾದಂಬರಿ ತುಂಬಾ ಉದ್ದ ಅನ್ನೋದು ಸರಿಯೇ, ನಡುವೆ ನನಗೂ ಎಳೆದಂತಾಯಿತು. ಬಡವರ ಕಷ್ಟವನ್ನು ಹೆದರಿಸೋಕೆ ಬಳಸುತ್ತಾರೆ ಅನ್ನುವ ಮಾತನ್ನು ಒಪ್ಪೋದು ಕಷ್ಟ. ಬೀದಿಯಲ್ಲಿ ಮಲಗುವ ಕೊಳಕು ಬಟ್ಟೆಯ ಹುಡುಗನೊಬ್ಬನ ಕಥೆ ಇದೆ. ಅದನ್ನು ಹೇಳುವವಳು ಎದುರು ಮನೆಯ, ಉಂಡುಟ್ಟು ಸುಖವಾಗಿರುವ ಹೆಂಗಸು. ಆ ಮಗು ಕಾಣದಾದಾಗ ಕಥೆ ಕೆದಕೋದು ಹುಡುಗನನ್ನಲ್ಲ, ಇವಳನ್ನು. ದಿನಾ ನೋಡುತ್ತಿದ್ದೆ, ಏನು ಮಾಡಿದೆ ಅಂತ.

ಓದೋಕೆ ಶುರು ಮಾಡೋದಾದರೆ ಕಾದಂಬರಿ ಬೇಡ. ‘ಸ್ಮೋಕಿಂಗ್ ಇನ್ ಬೆಡ್’ ತಗೊಳ್ಳಿ. ಆ ಕೂಸಿನ ಕಥೆಯೇ ಅದರಲ್ಲಿ ಮೊದಲನೆಯದು, ಇರೋದು ಕೆಲವೇ ಪುಟ.